ಅಣ್ಣನೇ ಕೂಡಿಹಾಕಿದರೆ ಯಾರಿಗೆ ಹೇಳುವುದು?

ಪ್ರಶ್ನೆ: ಪಕ್ಕದ ಮನೆಯ, ಬುದ್ಧಿಮಾಂದ್ಯತೆಯಿರುವ ಹೆಣ್ಣುಮಗಳ ಮಾಸಾಶನವನ್ನು ಅವಳ ಅಣ್ಣನೇ ಇಟ್ಟುಕೊಂಡು, ಸಿಟ್ಟು ಬಂದ ದಿನ ಊಟ ಕೊಡದೆ ಹೊಡೆದು ಕೂಡಿಹಾಕುತ್ತಾನೆ. ಹೊರಗಿನವಳಾದ ನಾನು ದೂರಬಹುದೇ?
— ಓದುಗರು, ಜಗಳೂರು ತಾಲ್ಲೂಕು

ಉತ್ತರ: ಖಂಡಿತ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 7ನೇ ಕಲಮಿನ ಪ್ರಕಾರ, ಇಂತಹ ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ನಿಮ್ಮಲ್ಲಿ ತಹಶೀಲ್ದಾರರಿಗೆ, ಮಾಹಿತಿ ನೀಡಬಹುದು. ಅವರು ಆಕೆಯನ್ನು ಬಿಡಿಸಿ ರಕ್ಷಣೆ ಒದಗಿಸಲು ಆದೇಶಿಸಬಲ್ಲರು. ತನ್ನ ಸುಪರ್ದಿನಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಅನ್ನ ನೀರು ಕೊಡದಿರುವುದು 92ನೇ ಕಲಮಿನಂತೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. ‘ಮನೆಯ ವಿಷಯ’ವೆಂದು ಸಾಗಹಾಕುವವರಿಗೇನೂ ಕೊರತೆಯಿಲ್ಲವಾದ್ದರಿಂದ, ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಆಕೆಗೆ ಬೇಕಾಗುವ ವಕೀಲರ ನೆರವು ದಾವಣಗೆರೆಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ದೊರೆಯುತ್ತದೆ.