ಕಾರಿಲ್ಲದೆ ಪಿಟ್ಸ್‌ಬರ್ಗ್‌ನಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಸುಮಾರು 3 ಲಕ್ಷ ಜನರ ಊರು. ಓದಲು, ಕೆಲಸಕ್ಕೆ ಅಂತ ಅಲ್ಲಿಗೆ ಹೊರಟವರೂ ಅವರ ಮನೆಯವರೂ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಮಗಳು ಆಗಸ್ಟ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರುತ್ತಿದ್ದಾಳೆ. ಎರಡು ಮನೆ ನೋಡಿದ್ದೇವೆ. ಒಂದು ಸ್ಕ್ವಿರಲ್ ಹಿಲ್‌ನಲ್ಲಿ, ಫೋರ್ಬ್ಸ್ ಮತ್ತು ಮರ್ರಿ ರಸ್ತೆಗಳು ಕೂಡುವಲ್ಲಿ. ಇನ್ನೊಂದು ಗುಡ್ಡದ ಬದಿಯ ಒಳರಸ್ತೆಯಲ್ಲಿ. ಬಾಡಿಗೆ ತಿಂಗಳಿಗೆ 150 ಡಾಲರ್ ಕಡಿಮೆ, ಮ್ಯಾಪ್‌ನಲ್ಲಿ ಕಾಲೇಜೂ ಹತ್ತಿರ. ಯಾವುದು ವಾಸಿ? – ದಾವಣಗೆರೆ

ಮೊದಲನೆಯದು. ಕಾರಿಲ್ಲದವರು ಮೈಲಿ ಎಣಿಸಬಾರದು, ಬಸ್ ಎಣಿಸಬೇಕು. ಫೋರ್ಬ್ಸ್–ಮರ್ರಿ ಮೂಲೆಯಲ್ಲಿ 61ಎ, 61ಬಿ, 61ಸಿ, 61ಡಿ ನಾಲ್ಕೂ ಬಸ್ ಸಿಗುತ್ತವೆ. ನಾಲ್ಕೂ ಕಾಲೇಜಿನ ಮುಂದೆಯೇ ಓಕ್‌ಲ್ಯಾಂಡ್ ಬಡಾವಣೆ, ಡೌನ್‌ಟೌನ್ ಕಡೆ ಹೋಗುವುದರಿಂದ ಯಾವುದು ಬಂದರೂ ಹತ್ತಬಹುದು. ಅಲ್ಲಿಂದ ಮರ್ರಿ ರಸ್ತೆಯಲ್ಲಿ ದಕ್ಷಿಣಕ್ಕೆ ಇಳಿದರೆ 61ಸಿ, 61ಡಿ ಎರಡೇ ಉಳಿಯುತ್ತವೆ. ಬಾಡಿಗೆ ಇಳಿಯುತ್ತದೆ, ಕಾಯುವ ಹೊತ್ತು ಏರುತ್ತದೆ. ಒಳರಸ್ತೆಗೆ ಹೋದರೆ ಒಂದೇ ರೂಟು. ಅದು ತಪ್ಪಿದರೆ ಅರ್ಧ ಗಂಟೆಯೋ ಒಂದು ಗಂಟೆಯೋ ನಿಂತೇ ಇರಬೇಕು.

ಮ್ಯಾಪ್ ತೋರಿಸುವ ದೂರವನ್ನೂ ಪೂರ್ತಿ ನಂಬಬೇಡಿ. ಈ ಊರಿನಲ್ಲಿ ರಸ್ತೆಯೆಂದು ಹೆಸರಿಟ್ಟಿರುವ ಎಷ್ಟೋ ಜಾಗಗಳು ನಿಜವಾಗಿ ಮೆಟ್ಟಿಲುಗಳು. ಇಂಥ ಸಾರ್ವಜನಿಕ ಮೆಟ್ಟಿಲುಸಾಲುಗಳೇ 700ಕ್ಕೂ ಹೆಚ್ಚಿವೆ. ಬೀಚ್‌ವ್ಯೂ ಬಡಾವಣೆಯ ಕ್ಯಾಂಟನ್ ಅವೆನ್ಯೂ ಏರು ಶೇ 37, ಅಂದರೆ 100 ಮೀಟರ್ ಮುಂದೆ ಹೋದರೆ 37 ಮೀಟರ್ ಮೇಲೆ. ಮ್ಯಾಪ್‌ನಲ್ಲಿ 400 ಮೀಟರ್ ಎಂದಿರುವುದು ಜನವರಿಯಲ್ಲಿ ಹಿಮ ಮುಚ್ಚಿದ ನೂರು ಮೆಟ್ಟಿಲಾಗಿರಬಹುದು. ಕರಾರಿಗೆ ಸಹಿ ಹಾಕುವ ಮುನ್ನ ಮನೆಯ ವಿಳಾಸದಿಂದ ಕಾಲೇಜಿಗೆ ಬಸ್ ದಾರಿ ಹುಡುಕಿ. ಸೋಮವಾರ ಬೆಳಗ್ಗೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಭಾನುವಾರ ಬೆಳಗ್ಗೆ 8 ಗಂಟೆ, ವಾರದ ದಿನ ರಾತ್ರಿ 11 ಗಂಟೆ ಹಾಕಿ ನೋಡಿ. ಆಮೇಲೆ ಸ್ಟ್ರೀಟ್ ವ್ಯೂನಲ್ಲಿ ಸ್ಟಾಪಿನಿಂದ ಬಾಗಿಲವರೆಗೆ ನಡೆದು ಬನ್ನಿ. ಬಸ್ಸಿಳಿದು ಸಾಮಾನು ಹೊತ್ತು ಬರುವಾಗ ಇಳಿಜಾರು ಸಿಗುವಂತಿದ್ದರೆ ಉತ್ತಮ. ಬಟ್ಟೆ ಒಗೆಯುವ ಯಂತ್ರ ಅದೇ ಕಟ್ಟಡದಲ್ಲಿದೆಯೇ ಎಂದೂ ಕೇಳಿ. ಒದ್ದೆ ಬಟ್ಟೆಯ ಮೂಟೆ ಹೊತ್ತು ಬಸ್ ಹತ್ತುವ ಕಷ್ಟ ಯಾರಿಗೂ ಬೇಡ.

ಇನ್ನೊಂದು ಮಾತು. ಬಸ್ ನಡೆಸುವ ಪಿಟ್ಸ್‌ಬರ್ಗ್ ರೀಜನಲ್ ಟ್ರಾನ್ಸಿಟ್‌ಗೆ ಹಣದ ಮುಗ್ಗಟ್ಟು ಇದೆ. 2025ರಲ್ಲಿ ಶೇ 35ರಷ್ಟು ಸೇವೆ ಕಡಿತದ ಪ್ರಸ್ತಾವ ಬಂದು, ಕೊನೆಗೆ ತಪ್ಪಿತು. ಮತ್ತೆ ಅಂಥದ್ದು ಬಂದರೆ ಮೊದಲು ಏಟು ಬೀಳುವುದು ಜನ ಕಡಿಮೆ ಇರುವ ಒಳರೂಟುಗಳಿಗೆ. ಆ 150 ಡಾಲರ್ ಉಳಿತಾಯವನ್ನು ತಿಂಗಳಿಗೆ ಏಳೆಂಟು ಉಬರ್ ಸವಾರಿಗಳೇ ನುಂಗಿಬಿಡುತ್ತವೆ.

ಟಿಕೆಟ್ ಲೆಕ್ಕ ಹೇಗೆ? ನಾನು ವಿದ್ಯಾರ್ಥಿನಿ, ಪತಿ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತಾರೆ. – ಹುಬ್ಬಳ್ಳಿ

ಕಾರ್ನೆಗಿ ಮೆಲನ್ ಅಥವಾ ಪಿಟ್ (ಪಿಟ್ಸ್‌ಬರ್ಗ್) ವಿಶ್ವವಿದ್ಯಾಲಯದ ಗುರುತಿನ ಚೀಟಿ ಇದ್ದರೆ ಅದನ್ನೇ ಯಂತ್ರಕ್ಕೆ ತಾಗಿಸಿ, ಬೇರೆ ಕೊಡಬೇಕಿಲ್ಲ. ಪತಿಗೆ ಕನೆಕ್ಟ್‌ಕಾರ್ಡ್ (ಹಣ ತುಂಬಿಸಿ ಬಳಸುವ ಬಸ್ ಕಾರ್ಡ್) ಮಾಡಿಸಿ. ಒಂದು ಸಲಕ್ಕೆ 2.75 ಡಾಲರ್, ತಾಗಿಸಿದ ಹೊತ್ತಿನಿಂದ 3 ಗಂಟೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ, ಹೋದ ದಾರಿಯಲ್ಲೇ ವಾಪಸ್ ಬಂದರೂ ಅಷ್ಟೇ. ಅಂಗಡಿ ಕೆಲಸ ಚುರುಕಾಗಿ ಮುಗಿಸಿದರೆ ಹೋಗಿ ಬರುವುದಕ್ಕೆ ಒಂದೇ ಟಿಕೆಟ್. ನಗದು ಕೊಟ್ಟರೆ ಈ ಅನುಕೂಲವೂ ಇಲ್ಲ, ಚಿಲ್ಲರೆಯೂ ವಾಪಸಿಲ್ಲ.

31 ದಿನದ ಪಾಸ್ 97.50 ಡಾಲರ್. ತಿಂಗಳಿಗೆ 36 ಸಲ ಹಣ ಕೊಡುವಂತಿದ್ದರೆ ಮಾತ್ರ ಲಾಭ. ವಾರಕ್ಕೆ ಮೂರು ದಿನ ಅಂದರೆ 26ರ ಆಸುಪಾಸು, ಹಾಗಾಗಿ ಅವರಿಗೆ ಪಾಸ್ ಬೇಡ. ಇನ್ನು ಡೌನ್‌ಟೌನ್ ಒಳಗೆ ಮತ್ತು ನದಿಯಡಿಯ ಸುರಂಗ ದಾಟಿ ನಾರ್ತ್ ಶೋರ್‌ವರೆಗೆ ‘ಟಿ’ ಎಂಬ ನಗರ ರೈಲು ಪುಕ್ಕಟೆ.

ಮೊಬೈಲಿನಲ್ಲಿ ‘4 ನಿಮಿಷ’ ಅಂತ ತೋರಿಸಿದ ಬಸ್ ಬರಲೇ ಇಲ್ಲ. ಮೈನಸ್ 10 ಡಿಗ್ರಿಯಲ್ಲಿ ನಿಂತಿದ್ದೆ. ಯಾಕೆ ಹೀಗೆ? – ಪಿಟ್ಸ್‌ಬರ್ಗ್

ನೀವು ನೋಡಿದ್ದು ಬಸ್ಸಲ್ಲ, ವೇಳಾಪಟ್ಟಿ. ‘ಟ್ರಾನ್ಸಿಟ್’ ಎಂಬ ಆಪ್‌ನಲ್ಲಿ ನಿಮಿಷದ ಪಕ್ಕ ರೇಡಿಯೋ ಅಲೆಯಂಥ ಸಣ್ಣ ಗುರುತು ಮಿಡಿಯುತ್ತಿದ್ದರೆ ಅದು ಬಸ್ಸಿನ ಜಿಪಿಎಸ್‌ನಿಂದ ಬಂದ ಸಂಗತಿ. ಆ ಗುರುತಿಲ್ಲದಿದ್ದರೆ ಅದು ಬರೀ ಕಾಗದದ ಮೇಲಿನ ಹೊತ್ತು. ಚಾಲಕರು ಸಿಗದೆ ಒಂದು ಟ್ರಿಪ್ ರದ್ದಾದರೂ ಕೆಲವೊಮ್ಮೆ ಪಟ್ಟಿಯಲ್ಲಿ ಅದು ಹಾಗೆಯೇ ಉಳಿಯುತ್ತದೆ, ನಿಮಿಷ ಇಳಿಯುತ್ತಾ ಸೊನ್ನೆಗೆ ಬಂದು ಮಾಯವಾಗುತ್ತದೆ. ಗುರುತಿಲ್ಲದ ಬಸ್ಸಿಗೆ ಚಳಿಯಲ್ಲಿ ಮನೆ ಬಿಡಬೇಡಿ. ನಿಮ್ಮ ಸ್ಟಾಪ್ ರೂಟಿನ ಮೊದಲ ಸ್ಟಾಪಿಗೆ ಹತ್ತಿರವಾಗಿದ್ದರೆ ಮಾತ್ರ ಈ ಲೆಕ್ಕ ಸ್ವಲ್ಪ ಬೇರೆ: ಬಸ್ ಇನ್ನೂ ಹೊರಟಿರುವುದಿಲ್ಲ, ಗುರುತು ತಡವಾಗಿ ಬರುತ್ತದೆ.

ಹಿಮ ಬಿದ್ದ ದಿನ ಗುಡ್ಡದ ರಸ್ತೆಗಳನ್ನು ಬಿಟ್ಟು ಬಸ್ಸುಗಳು ಸುತ್ತು ಬಳಸಿ ಹೋಗುತ್ತವೆ. ಮ್ಯಾಪ್ ಅದನ್ನು ಹೇಳದೇ ಇರಬಹುದು. ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ರೂಟಿನ ‘ಡಿಟೂರ್’ ನೋಡಿ, ದೊಡ್ಡ ರಸ್ತೆಯ ಸ್ಟಾಪಿಗೇ ನಡೆದು ಹೋಗಿ. ಈಸ್ಟ್ ಲಿಬರ್ಟಿ ಕಡೆಯವರಾದರೆ ಈಸ್ಟ್ ಬಸ್‌ವೇ ಹಿಡಿಯಿರಿ. 1983ರಲ್ಲಿ ಶುರುವಾದ ಈ ದಾರಿ ಬಸ್ಸಿಗೆ ಮಾತ್ರ ಮೀಸಲು, ಸಿಗ್ನಲ್ ಕಾಟ ಕಡಿಮೆ, ಕಾರುಗಳಿಲ್ಲ. ಇದರಲ್ಲಿ ಓಡುವ ಪಿ1 ಬಸ್ ಹಿಮದ ದಿನವೂ ಹೆಚ್ಚುಕಡಿಮೆ ಹೊತ್ತಿಗೆ ಬರುತ್ತದೆ.

ಕಾಲುದಾರಿಯ ಹಿಮವನ್ನು 24 ಗಂಟೆಯೊಳಗೆ ತೆಗೆಯುವುದು ಆಯಾ ಆಸ್ತಿಯವರ ಹೊಣೆ ಎಂದು ನಗರದ ನಿಯಮ. ಎಲ್ಲರೂ ಪಾಲಿಸುವುದಿಲ್ಲ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ನೀರು ಕಣ್ಣಿಗೆ ಕಾಣುವುದೇ ಇಲ್ಲ, ಬೆಳಗ್ಗೆ ಜಾರಿ ಬೀಳುವುದು ಅದರ ಮೇಲೆಯೇ. ಬೂಟಿನಡಿ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ, ಒಂದು ಜೊತೆ ಇಟ್ಟುಕೊಳ್ಳಿ. ಬಸ್ ಹತ್ತುವ ಮುಂಚೆ ಮಾತ್ರ ಬಿಚ್ಚಿ. ಒದ್ದೆಯಾದ ಬಸ್ ನೆಲದ ಮೇಲೆ ಲೋಹದ ಮುಳ್ಳು ಇನ್ನಷ್ಟು ಜಾರುತ್ತದೆ.

ಅಕ್ಕಿ, ಹಾಲು ಬಸ್ಸಿನಲ್ಲಿ ತರುವುದು ಹೇಗೆ? ಭುಜ ನೋವು ಶುರುವಾಗಿದೆ. – ಪಿಟ್ಸ್‌ಬರ್ಗ್

ತೂಕ ನೋಡಿ: 20 ಪೌಂಡ್ ಸೋನಾ ಮಸೂರಿ ಅಂದರೆ 9 ಕೆಜಿ, ಒಂದು ಗ್ಯಾಲನ್ ಹಾಲು ಹತ್ತಿರ ಹತ್ತಿರ 4 ಕೆಜಿ. ಬೇಳೆ, ಎಣ್ಣೆ, ತರಕಾರಿ ಸೇರಿದರೆ 18 ದಾಟಿತು. ಬೆನ್ನಚೀಲದಲ್ಲಿ 8 ಕೆಜಿಗಿಂತ ಹೆಚ್ಚು ಬೇಡ. ಎರಡು ಗಾಲಿಯ ಮಡಿಸುವ ತಳ್ಳುಗಾಡಿ ಕೊಳ್ಳಿ, ಗಾಲಿ ದೊಡ್ಡದಿರಲಿ. ಸೂಟ್‌ಕೇಸಿನ ಸಣ್ಣ ಗಾಲಿಯಂಥದ್ದು ಇಲ್ಲಿನ ಒಡಕು ಕಾಲುದಾರಿಯಲ್ಲಿ, ಹಿಮದ ಕೆಸರಿನಲ್ಲಿ ಮೊದಲ ಚಳಿಗಾಲಕ್ಕೇ ಮುರಿಯುತ್ತದೆ. ಅಕ್ಕಿ ತಳದಲ್ಲಿ, ಹಾಲು ಅದರ ಮೇಲೆ ಗಾಲಿಯ ಕಡೆಗೆ. ಭಾರ ಮುಂದಕ್ಕೆ ಬಿದ್ದರೆ ಬಸ್ ಬ್ರೇಕ್ ಹಾಕಿದಾಗ ಗಾಡಿ ಮಗುಚುತ್ತದೆ. ಹತ್ತುವಾಗ ಚಾಲಕರನ್ನು ಕೇಳಿದರೆ ಬಸ್ಸಿನ ಬಾಗಿಲ ಬದಿಯನ್ನು ತಗ್ಗಿಸಿಕೊಡುತ್ತಾರೆ.

ದಿನದ ತರಕಾರಿಗೆ ಮರ್ರಿ ರಸ್ತೆಯ ಜೈಂಟ್ ಈಗಲ್ ಸಾಕು. ಭಾರತೀಯ ದಿನಸಿಗೆ ಮನ್ರೋವಿಲ್ ಕಡೆ ಹೋಗಬೇಕು, ಬಸ್ಸಿನಲ್ಲಿ ಅರ್ಧ ದಿನದ ಕೆಲಸ. ನಾಲ್ಕು ಜನ ಸೇರಿ ಎರಡು ತಿಂಗಳಿಗೊಮ್ಮೆ ಕಾರು ಬಾಡಿಗೆಗೆ ತೆಗೆದು, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನವನ್ನೂ ಅದೇ ದಾರಿಯಲ್ಲಿ ಮುಗಿಸುವುದು ಜಾಣತನ. ಬೇಳೆ, ಪುಡಿ, ರವೆ ಆಗ ತನ್ನಿ. ಅಕ್ಕಿಯನ್ನಂತೂ ಆಗಲೇ ತನ್ನಿ.

ಹಾಗೆ ಬಾಡಿಗೆಗೆ ತೆಗೆದರೆ ಭಾರತದ ಲೈಸೆನ್ಸ್ ನಡೆಯುತ್ತದೆಯೇ? ವಿಮೆ? – ಮೈಸೂರು

ಪೆನ್ಸಿಲ್ವೇನಿಯಾದಲ್ಲಿ ಬಂದಿಳಿದ ದಿನದಿಂದ ಒಂದು ವರ್ಷ ಅಥವಾ ಲೈಸೆನ್ಸ್ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡೇ ಹೊರಡಿ. ಬಾಡಿಗೆ ಕೌಂಟರಿನವರು ಕೇಳುತ್ತಾರೆ. 25ಕ್ಕಿಂತ ಚಿಕ್ಕವರಿಗೆ ದಿನಕ್ಕೆ ಇಷ್ಟು ಅಂತ ಹೆಚ್ಚುವರಿ ಶುಲ್ಕ ಸಾಮಾನ್ಯ.

ಎಡವುವುದು ವಿಮೆಯಲ್ಲಿ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ರಕ್ಷಣೆ ಬಾಡಿಗೆ ಕಾರಿಗಾದ ಹಾನಿಗೆ ಮಾತ್ರ. ನೀವು ಬೇರೆಯವರಿಗೆ ಗುದ್ದಿದರೆ ಅವರ ಆಸ್ಪತ್ರೆ ಖರ್ಚಿಗೆ ಅದು ಬರುವುದಿಲ್ಲ. ಸ್ವಂತ ಕಾರಿದ್ದವರಿಗೆ ಆ ಭಾಗವನ್ನು ಅವರ ಪಾಲಿಸಿಯೇ ನೋಡಿಕೊಳ್ಳುತ್ತದೆ, ನಿಮಗೆ ಪಾಲಿಸಿಯೇ ಇಲ್ಲ. ಆದ್ದರಿಂದ ಕೌಂಟರಿನಲ್ಲಿ ಲಯಬಿಲಿಟಿ ರಕ್ಷಣೆ, ಅಂದರೆ ಬೇರೆಯವರಿಗಾದ ನಷ್ಟದ ವಿಮೆ, ಕೊಳ್ಳಿ. ಆಗಾಗ ಬಾಡಿಗೆಗೆ ತೆಗೆಯುವವರಾದರೆ ಕಾರಿಲ್ಲದವರಿಗೆಂದೇ ಇರುವ ‘ನಾನ್-ಓನರ್’ ಪಾಲಿಸಿ ವಿಚಾರಿಸಿ.

ಸೊಸೆಗೆ ಮಾರ್ಚ್‌ನಲ್ಲಿ ಹೆರಿಗೆ. ಕಾರಿಲ್ಲ. ಮಗುವನ್ನು ಕೂರಿಸುವ ಕಾರ್ ಸೀಟ್ ಬೇಕೇ? – ಶಿವಮೊಗ್ಗ

ಬೇಕೇ ಬೇಕು. ಟ್ಯಾಕ್ಸಿಯಲ್ಲಿ ಬಂದರೂ ಬೇಕು, ಉಬರ್ ಚಾಲಕರು ಇಟ್ಟುಕೊಂಡಿರುವುದಿಲ್ಲ. ಇಲ್ಲಿನ ಕಾನೂನಿನಂತೆ 2 ವರ್ಷದೊಳಗಿನ ಮಗು ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ, 4ರವರೆಗೆ ಕಾರ್ ಸೀಟಿನಲ್ಲಿ, 8ರವರೆಗೆ ಬೂಸ್ಟರ್‌ನಲ್ಲಿ (ಮಗುವನ್ನು ಎತ್ತರಿಸುವ ಸೀಟು) ಕೂರಬೇಕು. ಕಾರಿನಲ್ಲೇ ಉಳಿಯುವ ಕೆಳಗಿನ ತಟ್ಟೆ (ಬೇಸ್) ಇಲ್ಲದೆ ಬರೀ ಸೀಟ್ ಬೆಲ್ಟಿನಿಂದಲೇ ಕಟ್ಟಲಾಗುವ ಹಗುರ ಸೀಟ್ ಆರಿಸಿ, ಬೇರೆ ಬೇರೆ ಟ್ಯಾಕ್ಸಿಗಳಲ್ಲಿ ಅದೇ ಅನುಕೂಲ. ಕಟ್ಟುವುದನ್ನು ಫೆಬ್ರವರಿಯಲ್ಲೇ ಪರಿಚಿತರ ಕಾರಿನಲ್ಲಿ ಕಲಿತುಕೊಳ್ಳಲಿ. ದಪ್ಪ ಕೋಟು ಹಾಕಿ ಬೆಲ್ಟ್ ಬಿಗಿಯಬಾರದು, ಒಳಗೆ ಸಡಿಲ ಉಳಿಯುತ್ತದೆ; ಬೆಲ್ಟ್ ಬಿಗಿದ ಮೇಲೆ ಕಂಬಳಿ ಹೊದಿಸಿ.

ವಿಮಾನ ನಿಲ್ದಾಣದಿಂದ ಮೊದಲ ದಿನವೇ ಬಸ್ಸಿನಲ್ಲಿ ಹೋಗಬಹುದೇ? – ಉಡುಪಿ

ಹೋಗಬಹುದು. 28ಎಕ್ಸ್ ಬಸ್ ಡೌನ್‌ಟೌನ್ ಹಾಯ್ದು ಓಕ್‌ಲ್ಯಾಂಡ್‌ವರೆಗೆ ಹೋಗುತ್ತದೆ, ಇದಕ್ಕೂ ಅದೇ 2.75 ಡಾಲರ್. ಊರಿನಿಂದ ತಂದ ನೂರರ ನೋಟು ಬಸ್ಸಿನಲ್ಲಿ ನಡೆಯದು. ನಿಲ್ದಾಣದ ವೈಫೈನಲ್ಲೇ ಮೊಬೈಲ್ ಟಿಕೆಟ್ ತೆಗೆಯಿರಿ, ಇಲ್ಲವೇ ಒಂದು ಡಾಲರಿನ ಎರಡು ನೋಟು, 25 ಸೆಂಟಿನ ಮೂರು ನಾಣ್ಯ ಇಟ್ಟುಕೊಳ್ಳಿ. ಎರಡು ದೊಡ್ಡ ಸೂಟ್‌ಕೇಸ್‌ವರೆಗೆ ಪರವಾಗಿಲ್ಲ. ಮೂರನೆಯದಿದ್ದರೆ, ಅಥವಾ ವಿಮಾನ ಮಧ್ಯರಾತ್ರಿ ಹೊತ್ತಿಗೆ ಇಳಿಯುವುದಾದರೆ, ಆ ಒಂದು ದಿನ ಟ್ಯಾಕ್ಸಿ ಮಾಡಿ.