ಸಂಪಾದಕರ ಉತ್ತರ: ವಿಮಾನ ಇಳಿಯುವ ಹೊತ್ತಿನ ಮಾತು

ಓದುಗರ ಪತ್ರ: ‘ಟೋಕಿಯೊದ ಹನೇಡಾ ವಿಮಾನ ನಿಲ್ದಾಣದ ದುರಂತದ ಬಗ್ಗೆ ನಿಮ್ಮ ಲೇಖನ ಓದಿದೆ. ವಿಮಾನಗಳಿಗೆ ಸೂಚನೆ ಕೊಡುವ ಟವರ್ ಹೇಳಿದ್ದೊಂದು, ಪೈಲಟ್ ತಿಳಿದುಕೊಂಡದ್ದು ಇನ್ನೊಂದು ಎಂದು ಬರೆದಿದ್ದೀರಿ. ಅಷ್ಟು ತರಬೇತಿ ಪಡೆದವರಿಗೆ ನಾಲ್ಕು ಮಾತು ನೆಟ್ಟಗೆ ಕೇಳಿಸಿಕೊಳ್ಳಲು ಬಾರದೇ? ಇಂಗ್ಲಿಷ್ ಸರಿಯಾಗಿ ಬಾರದವರನ್ನು ಕಾಕ್‌ಪಿಟ್‌ನಲ್ಲಿ ಕೂರಿಸಿದರೆ ಹೀಗೇ ಆಗುವುದು. ಎಲ್ಲವನ್ನೂ ಮೆಸೇಜ್ ಮಾಡುವ ಈ ಕಾಲದಲ್ಲಿ ರೇಡಿಯೊ ಇನ್ನೂ ಏಕೆ? ತಪ್ಪು ಮಾಡಿದವರಿಗೆ ಕಠಿಣ ಶಿಕ್ಷೆಯಾಗದ ಹೊರತು ಇದು ನಿಲ್ಲುವುದಿಲ್ಲ.’

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದು ತಪ್ಪು ಕಡೆ ತಿರುಗಿದೆ ಎಂದು ನನ್ನ ಭಾವನೆ. ಹನೇಡಾದಿಂದಲೇ ಶುರುಮಾಡೋಣ. 2024ರ ಜನವರಿ 2ರ ಸಂಜೆ ಕರಾವಳಿ ಕಾವಲು ಪಡೆಯ ಪುಟ್ಟ ವಿಮಾನಕ್ಕೆ ಟವರ್ ಕೊಟ್ಟ ಸೂಚನೆ ಇಷ್ಟೇ: ನೀವು ‘ನಂಬರ್ ಒನ್’, ಸಿ5 ಎಂಬ, ರನ್‌ವೇಗೆ ಮೊದಲೇ ನಿಂತು ಕಾಯಬೇಕಾದ ಹೋಲ್ಡಿಂಗ್ ಪಾಯಿಂಟ್‌ವರೆಗೆ ಬನ್ನಿ. ವಿಮಾನದವರು ಅದನ್ನು ಸರಿಯಾಗಿಯೇ ತಿರುಗಿ ಹೇಳಿದರು. ಹೇಳಿದ ಮೇಲೂ ರನ್‌ವೇ ಮೇಲೆ ಹೋಗಿ ಸುಮಾರು 40 ಸೆಕೆಂಡ್ ನಿಂತರು. ಹಿಂದಿನಿಂದ ಜಪಾನ್ ಏರ್‌ಲೈನ್ಸ್ ವಿಮಾನ ಇಳಿಯಿತು. ಅದರಲ್ಲಿದ್ದ 379 ಮಂದಿಯೂ ಬದುಕಿ ಹೊರಬಂದರು. ಪುಟ್ಟ ವಿಮಾನದ ಆರು ಮಂದಿಯಲ್ಲಿ ಐವರು ತೀರಿಕೊಂಡರು. ಇಲ್ಲಿ ಹೇಳಿದವರೂ ಕೇಳಿದವರೂ ಒಂದೇ ದೇಶದವರು, ಒಂದೊಂದು ಪದವೂ ಕಿವಿಗೆ ಬಿದ್ದಿತ್ತು. ಹೊರಡುವ ಸರದಿಯಲ್ಲಿ ಮೊದಲನೆಯವರು ಎಂಬರ್ಥದ ಮಾತು, ಹೊರಡಲು ಅವಸರವಿದ್ದವರಿಗೆ ಒಪ್ಪಿಗೆಯಂತೆ ಕೇಳಿಸಿತು. ದುರಂತದ ಬಳಿಕ ಆ ‘ನಂಬರ್ ಒನ್’ ಬಳಕೆಯನ್ನೇ ಕೆಲಕಾಲ ನಿಲ್ಲಿಸಲಾಗಿತ್ತು.

ಕೇಳಿಸದೇ ಇದ್ದದ್ದರಿಂದ ಆಗುವ ಅನಾಹುತ ಕಡಿಮೆ. ಕೇಳಿಸದಿದ್ದವನು ‘ಸೇ ಅಗೇನ್’ ಅನ್ನುತ್ತಾನೆ. ಎರಡೂ ಕಡೆಯವರು ‘ಸರಿ, ಗೊತ್ತಾಯಿತು’ ಎಂದುಕೊಂಡು ಮುಂದೆ ಹೋದಾಗಲೇ ಅಪಾಯ.

ಭಾಷೆ ಕಾರಣವೇ ಅಲ್ಲ ಎಂದು ನಾನು ಹೇಳುವುದಿಲ್ಲ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಏವಿಯಾಂಕಾ ವಿಮಾನದ ಕಥೆಯಲ್ಲಿ ಭಾಷೆಯೂ ಇದೆ. ಕೆಟ್ಟ ಹವೆಯಿಂದಾಗಿ ಅದನ್ನು ಮೂರು ಕಡೆ, ಒಟ್ಟು ಒಂದೂಕಾಲು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತು ಹೊಡೆಸಿದರು. ಇಂಧನ ತಳ ಕಂಡಿತ್ತು. ಮೊದಲ ಸಲ ಇಳಿಯಲು ಹೋದಾಗ ರನ್‌ವೇ ಕಾಣಲಿಲ್ಲ, ಮತ್ತೆ ಮೇಲೇರಬೇಕಾಯಿತು. ಎಮರ್ಜೆನ್ಸಿ ಎಂದು ಹೇಳು ಎಂದು ಕ್ಯಾಪ್ಟನ್ ಕೋ-ಪೈಲಟ್‌ಗೆ ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದರು. ರೇಡಿಯೊ ಕೋ-ಪೈಲಟ್ ಕೈಯಲ್ಲಿತ್ತು. ಅವರು, ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಕೊಟ್ಟ ಎತ್ತರವನ್ನು ಮೊದಲು ತಿರುಗಿ ಹೇಳಿ, ಕೊನೆಗೆ ‘ಇಂಧನ ಮುಗಿಯುತ್ತಿದೆ ಸರ್’ ಎಂದು ಸೇರಿಸಿದರು. ಕ್ಯಾಪ್ಟನ್ ಮತ್ತೆ ಕೇಳಿದಾಗ ‘ಆಗಲೇ ತಿಳಿಸಿದ್ದೇನೆ’ ಎಂದರು. ಕಂಟ್ರೋಲರ್ ಮುಂದೆ ಇಳಿಯಲು ಬಂದ ವಿಮಾನಗಳ ಸಾಲೇ ಇತ್ತು. ಅಂಥ ರಾತ್ರಿಯಲ್ಲಿ ಇಂಧನದ ಮಾತು ಅವರ ಕಿವಿಗೆ ಹೊಸದೂ ಅಲ್ಲ. ‘ಹದಿನೈದು ಮೈಲಿ ಈಶಾನ್ಯಕ್ಕೆ ಕರೆದೊಯ್ದು ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಪರವಾಗಿಲ್ಲವೇ?’ ಎಂದು ಕೇಳಿದರು. ಬಂದ ಉತ್ತರ: ‘ಪರವಾಗಿಲ್ಲ ಅನ್ನಿಸುತ್ತದೆ, ತುಂಬಾ ಥ್ಯಾಂಕ್ಸ್.’

ಎಂಜಿನ್‌ಗಳು ಒಂದೊಂದಾಗಿ ನಿಂತವು. ವಿಮಾನದಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಸತ್ತರು.

ಈ ಸಂಭಾಷಣೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಕೋ-ಪೈಲಟ್‌ಗೆ ಸಾಕಷ್ಟು ಇಂಗ್ಲಿಷ್ ಬರುತ್ತಿತ್ತು. ಬಾರದೇ ಇದ್ದದ್ದು ಎದುರಿನ ಅಧಿಕಾರದ ದನಿಗೆ ‘ಇಲ್ಲ, ಆಗುವುದಿಲ್ಲ’ ಅನ್ನುವುದು. ವಿನಯವೇ ಅಲ್ಲಿ ಮುಳುವಾಯಿತು. ತುರ್ತು ಕರೆಯಾದ ‘ಮೇ ಡೇ’ ಎಂದು ಮೂರು ಬಾರಿ ಕೂಗಿದ್ದರೆ ಕಂಟ್ರೋಲರ್‌ಗೆ ಅರ್ಥ ಹುಡುಕುವ ಕೆಲಸವೇ ಇರುತ್ತಿರಲಿಲ್ಲ, ಆ ವಿಮಾನಕ್ಕೆ ದಾರಿ ಬಿಡಿಸಲೇಬೇಕಾಗುತ್ತಿತ್ತು. ಈಗ ಅಂತರರಾಷ್ಟ್ರೀಯ ನಿಯಮದಲ್ಲಿ ‘ಮಿನಿಮಮ್ ಫ್ಯುಯೆಲ್’ ಮತ್ತು ‘ಮೇ ಡೇ ಫ್ಯುಯೆಲ್’ ಎಂಬ ಎರಡು ಹಂತಗಳು ಸ್ಪಷ್ಟವಾಗಿವೆ. ಮೊದಲನೆಯದು ಇನ್ನು ತಡ ಮಾಡಬೇಡಿ ಎಂಬ ಎಚ್ಚರಿಕೆ, ಎರಡನೆಯದು ತುರ್ತು ಘೋಷಣೆ.

ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ತಿರುಗಿ ಒಪ್ಪಿಸುವ ರೀಡ್‌ಬ್ಯಾಕ್ ಪದ್ಧತಿ ಇರುವುದೇ ಇಂಥ ತಪ್ಪು ಹಿಡಿಯಲು. ಅದು ಕೆಲಸ ಮಾಡಬೇಕಾದರೆ ಒಪ್ಪಿಸಿದ್ದನ್ನು ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು. 1989ರಲ್ಲಿ ಕ್ವಾಲಾಲಂಪುರದಲ್ಲಿ ಇಳಿಯುತ್ತಿದ್ದ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಿರಿ ಎಂಬ ಸೂಚನೆ ‘ಟೂ ಫೋರ್ ಝೀರೊ ಝೀರೊ’ ಎಂದು ಹೋಯಿತು. ಮೊದಲ ‘ಟೂ’ ಅನ್ನು ಪೈಲಟ್ ಅಂಕಿ ಎಂದುಕೊಳ್ಳಲಿಲ್ಲ, ‘ವರೆಗೆ’ ಎಂಬರ್ಥದ ‘ಟು’ ಎಂದುಕೊಂಡರು; ‘ಓಕೆ, ಫೋರ್ ಝೀರೊ ಝೀರೊ’ ಎಂದರು. 400 ಅಡಿ! ಯಾರೂ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರು ಸಿಬ್ಬಂದಿಯೂ ಸತ್ತರು.

ಹೇಳಿದವರೇ ತಪ್ಪು ಹೇಳಿದರೆ ರೀಡ್‌ಬ್ಯಾಕ್ ಕೂಡ ಕಾಯುವುದಿಲ್ಲ. 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಮಳೆಯ ನಡುವೆ ಇಳಿಯುತ್ತಿದ್ದ ಎ320ಗೆ ಕಂಟ್ರೋಲರ್, ಎತ್ತರ ಅಳೆಯಲು ಬೇಕಾದ ವಾಯುಒತ್ತಡವನ್ನು 1001ರ ಬದಲು 1011 ಎಂದರು. ಪೈಲಟ್ 1011 ಎಂದೇ ಒಪ್ಪಿಸಿದರು, ಎತ್ತರ ತೋರಿಸುವ ಮೀಟರ್‌ಗೂ ಅದನ್ನೇ ಕೊಟ್ಟರು. ಈ ಒಂದು ಅಂಕಿಗೆ ಸುಮಾರು 280 ಅಡಿ ವ್ಯತ್ಯಾಸ. ಸರಿಯಾದ ಎತ್ತರದಲ್ಲೇ ಇದ್ದೇವೆಂದು ಮೀಟರ್ ತೋರಿಸುತ್ತಿತ್ತು, ವಿಮಾನ ಮಾತ್ರ ರನ್‌ವೇ ಇನ್ನೂ ದೂರವಿರುವಾಗಲೇ ನೆಲಕ್ಕೆ ಬರೀ ಆರು ಅಡಿ ಸಮೀಪ ಬಂತು. ರನ್‌ವೇ ಕಾಣದ್ದರಿಂದ ಗೋ ಅರೌಂಡ್ ಮಾಡಿದ್ದರು, ಅಂದರೆ ಇಳಿಯದೆ ಮತ್ತೆ ಮೇಲೇರಿದ್ದರು, ಉಳಿದರು. ಅದೇ ಕಂಟ್ರೋಲರ್ ಫ್ರೆಂಚಿನಲ್ಲಿ ಮಾತಾಡಿದ ಇನ್ನೊಂದು ವಿಮಾನಕ್ಕೆ 1001 ಎಂದು ಸರಿಯಾಗಿಯೇ ಹೇಳಿದ್ದರು.

ಮೆಸೇಜ್ ಬಗ್ಗೆ ಕೇಳಿದ್ದೀರಿ. ಆ ವ್ಯವಸ್ಥೆ ಇದೆ, ಸಾಗರದ ಮೇಲೆ ಹಾರುವಾಗ ದಿನವೂ ಬಳಕೆಯಲ್ಲಿದೆ. ಇಳಿಯುವ ಹೊತ್ತಿಗೆ ಅದು ನಿಧಾನ. ಕೊನೆಯ ಹಂತದಲ್ಲಿ ದೊಡ್ಡ ವಿಮಾನ ಸೆಕೆಂಡಿಗೆ ಎಪ್ಪತ್ತು ಮೀಟರ್‌ನಷ್ಟು ಮುಂದೆ ಬರುತ್ತಿರುತ್ತದೆ; ರನ್‌ವೇ ಮೇಲೆ ಇನ್ನೊಂದು ವಿಮಾನವಿದೆ, ಮೇಲೇರಿ ಎಂಬುದನ್ನು ಟೈಪ್ ಮಾಡಿ, ಅವರು ಓದಿ, ಒತ್ತಿ ಒಪ್ಪುವಷ್ಟರಲ್ಲಿ ಕಿಲೋಮೀಟರ್ ದಾಟಿರುತ್ತದೆ. ಮೇಲಾಗಿ ರೇಡಿಯೊ ಮಾತು ಸುತ್ತಲಿನ ಎಲ್ಲ ಪೈಲಟ್‌ಗಳ ಕಿವಿಗೂ ಬೀಳುತ್ತದೆ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಬರೀ ಕಿರ್ರೆನ್ನುವ ಸದ್ದು ಬರುತ್ತದೆ, ಅದು ರೇಡಿಯೊದ ದೊಡ್ಡ ಕೊರತೆ, ನಿಜ. ಆದರೂ ಸದ್ಯಕ್ಕೆ ಅದರ ಜಾಗ ತುಂಬುವ ಬೇರೊಂದಿಲ್ಲ.

ಇನ್ನು ಶಿಕ್ಷೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯುಎ ಕಂಪನಿಯ 514 ಸಂಖ್ಯೆಯ ವಿಮಾನಕ್ಕೆ ‘ಅಪ್ರೋಚ್‌ಗೆ ಅನುಮತಿ ಇದೆ’, ಅಂದರೆ ಇಳಿಯುವ ದಾರಿ ಹಿಡಿಯಬಹುದು ಎಂಬ ಸೂಚನೆ ಬಂತು. 1,800 ಅಡಿಗೆ ಇಳಿಯಬಹುದು ಎಂದು ಪೈಲಟ್‌ಗಳು ತಿಳಿದರು. ಗುಡ್ಡಗಳನ್ನು ನೋಡಿಕೊಂಡು ಇಳಿಯುವುದು ಪೈಲಟ್‌ಗಳ ಹೊಣೆ ಎಂದು ಕಂಟ್ರೋಲರ್ ತಿಳಿದರು. ವಿಮಾನ ಬೆಟ್ಟಕ್ಕೆ ಬಡಿದು 92 ಮಂದಿಯೂ ಸತ್ತರು. ಆಮೇಲೆ ಹೊರಬಂದ ಸಂಗತಿ ಇನ್ನೂ ನೋವಿನದು: ಆರು ವಾರ ಮೊದಲು ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ, ಅದೇ ತಪ್ಪು ತಿಳಿವಳಿಕೆಯಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಗೆ ವರದಿ ಕೊಟ್ಟಿದ್ದರು, ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿತ್ತು. ಉಳಿದವರಿಗೆ ಸುದ್ದಿ ಹೋಗಲಿಲ್ಲ.

ಇದಾದ ಮೇಲೆಯೇ 1976ರಲ್ಲಿ ಅಮೆರಿಕದಲ್ಲಿ ನಾಸಾ ನಡೆಸುವ ಗೋಪ್ಯ ವರದಿ ವ್ಯವಸ್ಥೆ ಶುರುವಾಯಿತು. ನಾನು ತಪ್ಪು ಕೇಳಿಸಿಕೊಂಡೆ, ನಾನು ತಪ್ಪು ಹೇಳಿದೆ ಎಂದು ಪೈಲಟ್‌ಗಳೂ ಕಂಟ್ರೋಲರ್‌ಗಳೂ ಅಲ್ಲಿಗೆ ಬರೆಯುತ್ತಾರೆ. ಹೆಸರು ತೆಗೆದು ಎಲ್ಲರ ಮುಂದಿಡುತ್ತಾರೆ. ಪ್ರತಿ ತಪ್ಪಿಗೂ ಕಠಿಣ ಶಿಕ್ಷೆ ಎಂದಾದರೆ ಮೊದಲು ನಿಲ್ಲುವುದು ಈ ಬರವಣಿಗೆ. ಅಪಘಾತಕ್ಕಾಗಲಿ ಬೇಕೆಂದೇ ಮಾಡಿದ ಅಪರಾಧಕ್ಕಾಗಲಿ ಆ ವ್ಯವಸ್ಥೆಯ ರಕ್ಷಣೆ ಸಿಗುವುದಿಲ್ಲ. ಬೇಕೆಂದೇ ಮಾಡಿದವರ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ.