ಗಿರಾಕಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಪೇಟೆ ಬೀದಿಯಲ್ಲಿ ಮಿಕ್ಸಿ, ಗ್ರೈಂಡರ್, ಕುಕ್ಕರ್‌ಗಳನ್ನು ಮಾರುವ ಮತ್ತು ರಿಪೇರಿ ಮಾಡಿಕೊಡುವ ಅಂಗಡಿ ನಮ್ಮದು. ತಂದೆಯವರ ಕಾಲದಿಂದ ಬರುತ್ತಿದ್ದ ಗಿರಾಕಿಗಳೂ ಈಗ ನಮ್ಮಲ್ಲಿ ಬೆಲೆ ವಿಚಾರಿಸಿಕೊಂಡು ಹೋಗಿ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. ಅಷ್ಟು ರಿಯಾಯಿತಿ ಕೊಟ್ಟರೆ ನಮಗೆ ಗಿಟ್ಟುವುದಿಲ್ಲ. ದೂರು ಹೇಳಲು ಬಂದವರೊಡನೆ ಕೆಲಸದ ಹುಡುಗರು ವಾದಕ್ಕಿಳಿಯುತ್ತಾರೆ. ಗಿರಾಕಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಬೆಲೆಯ ಪೈಪೋಟಿಗೆ ಇಳಿಯಬೇಡಿ. ಆನ್‌ಲೈನ್ ಮಾರಾಟಗಾರರಿಗೆ ಇಲ್ಲದ ರಿಪೇರಿ ಮೇಜು ನಿಮ್ಮಲ್ಲಿದೆ, ಅದರ ಮುಂದೆ ಬಂದು ನಿಲ್ಲುವವರ ಮಾತನ್ನು ನೀವು ಹೇಗೆ ಕೇಳುತ್ತೀರಿ ಎಂಬುದರ ಮೇಲೆಯೇ ಅವರು ಮತ್ತೆ ಬರುವುದು ನಿಂತಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಿಕ್ಸಿ ನಿಂತುಹೋಯಿತೆಂದು ಗೃಹಿಣಿಯೊಬ್ಬರು ತಂದಾಗ, ಮೋಟಾರ್ ಸುಟ್ಟಿರಬೇಕು, ಇಟ್ಟು ಹೋಗಿ ಎನ್ನುವ ಮೊದಲು, ನಿಂತಾಗ ಏನು ರುಬ್ಬುತ್ತಿದ್ದಿರಿ, ಜಾರ್ ಎಷ್ಟು ತುಂಬಿತ್ತು, ಸುಟ್ಟ ವಾಸನೆ ಬಂತೇ ಎಂದು ಸಮಾಧಾನದಿಂದ ವಿಚಾರಿಸಬೇಕು. ನೆನೆಸಿದ ಉದ್ದಿನಬೇಳೆಯನ್ನು ಜಾರ್ ತುಂಬ ಹಾಕಿ ರುಬ್ಬುತ್ತಿದ್ದಾಗ ನಿಂತಿದ್ದರೆ, ಹೊರೆ ಹೆಚ್ಚಾದಾಗ ಮೋಟಾರನ್ನು ತಾನೇ ನಿಲ್ಲಿಸುವ ಓವರ್‌ಲೋಡ್ ಸ್ವಿಚ್ ಬಿದ್ದಿರುವ ಸಾಧ್ಯತೆಯೇ ಹೆಚ್ಚು. ಮೋಟಾರ್ ತಣಿದ ಮೇಲೆ ತಳದಲ್ಲಿರುವ ಗುಂಡಿಯನ್ನು ಒತ್ತಿದರೆ ಅದು ಮತ್ತೆ ತಿರುಗುತ್ತದೆ. ಮೋಟಾರ್ ತಿರುಗಿದರೂ ಬ್ಲೇಡ್ ತಿರುಗುತ್ತಿಲ್ಲವೆಂದರೆ ಎರಡನ್ನೂ ಜೋಡಿಸುವ ಕಪ್ಲರ್ ಸವೆದಿರಬಹುದು, ಒಳಗೆ ಕಿಡಿ ಹಾರುತ್ತದೆ ಎಂದರೆ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಹರಿಸುವ ಕಾರ್ಬನ್ ಬ್ರಷ್ ನೋಡಬೇಕು, ಜಾರ್‌ನ ತಳದಿಂದ ನೀರು ಜಿನುಗುತ್ತದೆ ಎಂದರೆ ಬ್ಲೇಡಿನ ದಂಡವನ್ನು ಹಿಡಿದಿಡುವ ಬುಷ್ ನೋಡಬೇಕು. ಇದೆಲ್ಲ ನಿಮಗೆ ಗೊತ್ತಿರುವ ಕಸುಬು. ಆದರೆ ದೋಷದ ಅರ್ಧ ಸುಳಿವು ಆ ಗೃಹಿಣಿಯ ಮಾತಿನಲ್ಲೇ ಇರುತ್ತದೆ, ಅರ್ಧಕ್ಕೇ ಬಾಯಿ ಹಾಕಿದರೆ ಅದು ಕೈತಪ್ಪುತ್ತದೆ. ದೊಡ್ಡ ಖರ್ಚು ಬಿತ್ತೆಂದು ಆತಂಕದಿಂದ ಬಂದವರಿಗೆ ಆ ಗುಂಡಿಯನ್ನು ಅವರ ಕೈಯಲ್ಲೇ ಒತ್ತಿಸಿ ತೋರಿಸಿ, ಹಣ ತೆಗೆದುಕೊಳ್ಳದೆ ಕಳುಹಿಸಿಕೊಡಿ. ಮುಂದೆ ಮಗಳ ಮದುವೆಗೆ ಸಾಮಾನು ಕೊಳ್ಳುವಾಗ ಅವರು ಮೊದಲು ನಿಮ್ಮನ್ನೇ ನೆನೆಯುತ್ತಾರೆ.

ಮಾರುವಾಗಲೂ ಹಾಗೆಯೇ ಮಾಡಿ. ಎಷ್ಟರೊಳಗೆ ಬೇಕು ಎಂಬ ಪ್ರಶ್ನೆಗಿಂತ ಮೊದಲು ಮನೆಯಲ್ಲಿ ಎಷ್ಟು ಜನ, ದಿನವೂ ಏನು ರುಬ್ಬುತ್ತೀರಿ ಎಂಬುದನ್ನು ಕೇಳಿ. ಇಬ್ಬರೇ ಇರುವ ಮನೆಯ ಚಟ್ನಿಗೆ 500 ವ್ಯಾಟ್‌ನ ಮಿಕ್ಸಿ ಸಾಕು ಎಂದಾದರೆ 750ರದ್ದನ್ನು ಹೊರಿಸಬೇಡಿ. ವಾರದುದ್ದಕ್ಕೂ ದೋಸೆ, ಇಡ್ಲಿ ಮಾಡುವ ತುಂಬು ಕುಟುಂಬಕ್ಕೆ ಕಲ್ಲಿನ ಗ್ರೈಂಡರ್ ಒಳ್ಳೆಯದೆಂದು ಕಾರಣ ಸಹಿತ ತಿಳಿಸಿ. ಆ ದಿನದ ಲಾಭ ಸ್ವಲ್ಪ ಕಡಿಮೆಯಾಗಬಹುದು, ಆಗಲಿ.

ಕೇಳಿಸಿಕೊಂಡದ್ದಕ್ಕೆ ತಕ್ಕಂತೆ ವ್ಯವಹಾರದ ರೀತಿಯನ್ನೇ ಬದಲಿಸಿದ ಉದಾಹರಣೆ ನಮ್ಮ ಕರಾವಳಿಯಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಾಗ, ಬ್ಯಾಂಕಿನ ಮೆಟ್ಟಿಲು ಹತ್ತಲು ಪುರಸೊತ್ತೂ ಧೈರ್ಯವೂ ಇಲ್ಲದ ಸಣ್ಣ ದುಡಿಮೆಗಾರರ ಬಾಗಿಲಿಗೆ ಏಜೆಂಟರೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿದರು. ಪಿಗ್ಮಿ ಸಂಗ್ರಹಿಸುವವರು ಇಂದಿಗೂ ನಮ್ಮ ಪೇಟೆಗಳಲ್ಲಿ ಓಡಾಡುತ್ತಾರೆ. ಅಂಗಡಿಗೆ ಬರಲಾಗದ ವೃದ್ಧರ ಮನೆಯ ಗ್ರೈಂಡರನ್ನು ವಾರಕ್ಕೊಂದು ದಿನ ನೀವೇ ಹೋಗಿ ನೋಡಿಬರಲಾಗದೇ?

ಇನ್ನು ಹುಡುಗರ ವಿಷಯ. ಮಾರಿದ ಮಾಲನ್ನು ಹಿಂಪಡೆಯುವುದಿಲ್ಲ ಎಂದು ವಾದಿಸುವುದು ಕಾನೂನಿಗೂ ಒಪ್ಪುವ ಮಾತಲ್ಲ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದೇ ಪರಿಗಣಿಸುತ್ತದೆ. ಇದನ್ನು ಅವರಿಗೆ ತಿಳಿಸಿಕೊಡಿ. ಜೊತೆಗೆ, ಗ್ಯಾಸ್ಕೆಟ್, ಬುಷ್‌ನಂಥ ಸಣ್ಣ ಭಾಗಗಳನ್ನು ನಿಮ್ಮನ್ನು ಕೇಳದೆಯೇ ಬದಲಿಸಿಕೊಡುವ ಅಧಿಕಾರವನ್ನೂ ಕೊಡಿ, ಏಕೆಂದರೆ ಏನನ್ನೂ ತೀರ್ಮಾನಿಸುವ ಅಧಿಕಾರವಿಲ್ಲದವನಿಗೆ ವಾದಿಸುವುದೊಂದೇ ಉಳಿಯುತ್ತದೆ. ದೂರನ್ನು ಗಿರಾಕಿ ಹೇಳಿದ ಮಾತಿನಲ್ಲೇ ಪುಸ್ತಕದಲ್ಲಿ ಬರೆದುಕೊಂಡು, ಅವರಿಗೆ ಓದಿ ಹೇಳಿ, ಮರಳಿಸುವ ದಿನವನ್ನು ನಮೂದಿಸಲಿ. ಬಿಡಿಭಾಗ ಬಂದಿಲ್ಲವಾದರೆ, ಅವರು ಹಳ್ಳಿಯಿಂದ ಬಸ್ಸು ಹತ್ತುವ ಮೊದಲೇ, ಹಿಂದಿನ ಸಂಜೆ ಫೋನ್ ಮಾಡಿ ತಿಳಿಸಲಿ.